ಗುಡ್ಡದ ಓಟಗಾರನ ಚಾಕು

ಊರಿನ ರಸ್ತೆಯ ಮೇಲೆ ಓಡುವವನಿಗೆ ಚಾಕುವಿನ ಅವಶ್ಯಕತೆ ಬೀಳುವುದಿಲ್ಲ. ಎಡವಿ ಬಿದ್ದು ಮಂಡಿ ತರಚಿಕೊಂಡರೆ ಹತ್ತಿರದಲ್ಲಿಯೇ ಔಷಧದ ಅಂಗಡಿ ಉಂಟು. ದಣಿದರೆ ಬಸ್ಸು ಉಂಟು. ಗುಡ್ಡಕಾಡುಗಳ ಕಾಲುಹಾದಿಯಲ್ಲಿ ಗಂಟೆಗಟ್ಟಲೆ ಓಡುವವನ ಸ್ಥಿತಿ ಹಾಗಲ್ಲ. ಅವನಿಗೆ ಬೇಕಾದುದೆಲ್ಲವೂ ಅವನ ಮೈಮೇಲೆಯೇ ಇರಬೇಕು. ಮೈಮೇಲಿರುವುದೆಲ್ಲವನ್ನೂ ಅವನೇ ಹೊತ್ತು ಓಡಬೇಕು. ‘ಟ್ರೇಲ್ ರನ್ನಿಂಗ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಕ್ರೀಡೆಯು ಯೂರೋಪು ಅಮೆರಿಕಗಳ ಪರ್ವತಗಳಲ್ಲಿ ಬೆಳೆದು, ಈಗ ನಮ್ಮ ಪಶ್ಚಿಮ ಘಟ್ಟಗಳಿಗೂ ಬಂದಿದೆ.

ಈ ಓಟಗಳಲ್ಲಿ ಹೆಸರಾದದ್ದು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರವನ್ನು ಸುತ್ತುವ ಓಟ. 2003ರಲ್ಲಿ ಮೊದಲಾದ ಇದು ಫ್ರಾನ್ಸಿನ ಶಾಮೊನಿ ಪಟ್ಟಣದಿಂದ ಹೊರಟು, ಇಟಲಿ ಸ್ವಿಟ್ಜರ್ಲೆಂಡುಗಳ ನೆಲವನ್ನು ಹಾದು ಮತ್ತೆ ಶಾಮೊನಿಗೇ ಬಂದು ಸೇರುತ್ತದೆ. ದೂರ ಸುಮಾರು 170 ಕಿಲೋಮೀಟರು. ದಾರಿಯಲ್ಲಿ ಏರಬೇಕಾದ ಎತ್ತರಗಳನ್ನೆಲ್ಲ ಕೂಡಿದರೆ ಸುಮಾರು 10,000 ಮೀಟರು, ಎಂದರೆ ಸಮುದ್ರಮಟ್ಟದಿಂದ ಎವರೆಸ್ಟಿನ ತುದಿಗಿಂತಲೂ ಹೆಚ್ಚು. ಓಟಗಾರರು ಕಡ್ಡಾಯವಾಗಿ ಒಯ್ಯಬೇಕಾದ ಸಾಮಗ್ರಿಗಳಲ್ಲಿ ದೀಪ, ಸೀಟಿ, ಒಂದು ಲೀಟರು ನೀರು, ಮೈಯ ಶಾಖವನ್ನು ಕಾಪಾಡುವ ತೆಳುಹಾಳೆಯ ಹೊದಿಕೆ, ಒಂದು ಮೀಟರು ಉದ್ದದ ಹಿಗ್ಗುವ ಅಂಟುಪಟ್ಟಿ ಮುಂತಾದುವು ಇವೆ. ಚಾಕು ಕಡ್ಡಾಯವಲ್ಲ. ಆದರೆ ಆ ಅಂಟುಪಟ್ಟಿಯನ್ನು ಬೇಕಾದ ಅಳತೆಗೆ ಕತ್ತರಿಸುವುದು ಯಾವುದರಿಂದ? ಚಳಿಗೆ ಮರಗಟ್ಟಿದ ಬೆರಳುಗಳಿಂದ ಅದನ್ನು ಹರಿಯಲು ಯತ್ನಿಸಿದವರಿಗೆ ಚಾಕುವಿನ ಬೆಲೆ ತಾನೇ ತಿಳಿಯುತ್ತದೆ.

ಚಾಕು ಬೇಕು, ಆದರೆ ಹಗುರವಾಗಿರಬೇಕು. ಏಕೆ ಹಗುರವಾಗಿರಬೇಕು? ಭಾರ ಹೆಚ್ಚಿದರೆ ದಣಿವು ಹೆಚ್ಚುತ್ತದೆ ಎಂದು ಯಾರಾದರೂ ಉತ್ತರಿಸಿಯಾರು. ಈ ಉತ್ತರವನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಓಟಗಾರನು ಉಸಿರಾಡಿ ಬಳಸಿಕೊಳ್ಳುವ ಆಮ್ಲಜನಕವನ್ನು ಅಳೆದರೆ ಅವನು ವ್ಯಯಿಸುತ್ತಿರುವ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಇಂತಹ ಪ್ರಯೋಗಗಳಿಂದ ಕಂಡುಬಂದಿರುವುದೇನೆಂದರೆ, ಪ್ರತಿಯೊಂದು ಪಾದರಕ್ಷೆಗೂ 100 ಗ್ರಾಂ ಭಾರ ಸೇರಿಸಿದರೆ ಶಕ್ತಿಯ ವ್ಯಯವು ಸುಮಾರು ಶೇಕಡ 1ರಷ್ಟು ಏರುತ್ತದೆ. ಅದೇ ಭಾರವನ್ನು ಸೊಂಟಕ್ಕೋ ಬೆನ್ನಿಗೋ ಬಿಗಿಯಾಗಿ ಕಟ್ಟಿದರೆ ಪರಿಣಾಮ ಅಷ್ಟಿಲ್ಲ. ದೇಹದ ತೂಕದ ನೂರರಲ್ಲಿ ಒಂದು ಪಾಲಿನಷ್ಟು ಭಾರ ಹೊತ್ತರೆ ಶಕ್ತಿವ್ಯಯವೂ ಹೆಚ್ಚುಕಡಮೆ ನೂರರಲ್ಲಿ ಒಂದು ಪಾಲಿನಷ್ಟು ಏರುತ್ತದೆ. ಪಾದವು ಹೆಜ್ಜೆಹೆಜ್ಜೆಗೂ ನಿಂತು, ಮತ್ತೆ ವೇಗ ಪಡೆದು ಮುಂದಕ್ಕೆ ಚಿಮ್ಮಬೇಕು. ಸೊಂಟವಾದರೋ ಬಹುಮಟ್ಟಿಗೆ ಒಂದೇ ವೇಗದಲ್ಲಿ ಸಾಗುತ್ತಿರುತ್ತದೆ. ಆದುದರಿಂದ ಈ ವ್ಯತ್ಯಾಸ. 60 ಕಿಲೋಗ್ರಾಂ ತೂಗುವ ಯುವಕನಿಗೆ ಸೊಂಟದ ಮೇಲಿನ 600 ಗ್ರಾಂ ಭಾರವು ಶೇಕಡ 1ಕ್ಕೆ ಸಮ. ಹಾಗಾದರೆ 30 ಗ್ರಾಮಿನ ಚಾಕುವಿನಿಂದ ಆಗುವ ಹೆಚ್ಚಳ ಅದರ ಇಪ್ಪತ್ತನೆಯ ಒಂದು ಪಾಲು! ಗಂಟೆಗೆ ಒಂದು ಲೀಟರು ಬೆವರು ಸುರಿಸುವ ಓಟಗಾರನು ಎರಡು ನಿಮಿಷದಲ್ಲಿಯೇ ಆ ಚಾಕುವಿನಷ್ಟು ತೂಕವನ್ನು ಕಳೆದುಕೊಂಡಿರುತ್ತಾನೆ. ದಣಿವಿನ ಲೆಕ್ಕವನ್ನೇ ಹಿಡಿದರೆ 30 ಗ್ರಾಂ ಆದರೇನು, 60 ಗ್ರಾಂ ಆದರೇನು?

ಹಗುರತನದ ನಿಜವಾದ ಕಾರಣವು ಬೇರೆಡೆ ಇದೆ. ನಡೆಯುವಾಗ ಯಾವಾಗಲೂ ಒಂದು ಕಾಲಾದರೂ ನೆಲವನ್ನು ಮುಟ್ಟಿರುತ್ತದೆ; ಓಡುವಾಗ ಎರಡು ಕಾಲುಗಳೂ ನೆಲ ಬಿಟ್ಟಿರುವ ಗಳಿಗೆಯುಂಟು. ಓಟವೆಂದರೆ ಸಣ್ಣ ಸಣ್ಣ ನೆಗೆತಗಳ ಸಾಲು. ಪ್ರತಿ ಸಲ ಪಾದವು ನೆಲಕ್ಕೆ ಬಿದ್ದಾಗಲೂ ನೆಲವು ದೇಹವನ್ನು ಅದರ ತೂಕದ ಎರಡರಿಂದ ಮೂರು ಪಟ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಜೇಬಿನೊಳಗಿನ ಚಾಕುವೂ ಈ ನಿಯಮಕ್ಕೆ ಒಳಪಟ್ಟಿದೆ. 200 ಗ್ರಾಮಿನ ಚಾಕು ಆ ಕ್ಷಣದಲ್ಲಿ ಅರ್ಧ ಕಿಲೋಗ್ರಾಂ ಇರುವಂತೆ ಜೇಬನ್ನು ಕೆಳಕ್ಕೆ ಜಗ್ಗುತ್ತದೆ. ಜೇಬು ಸಡಿಲವಾಗಿದ್ದರಂತೂ ದೇಹವು ಮೇಲೇಳುತ್ತಿರುವಾಗ ಚಾಕು ಇನ್ನೂ ಕೆಳಗಿಳಿಯುತ್ತಿರುತ್ತದೆ. ಎರಡೂ ಪರಸ್ಪರ ತಾಕುತ್ತವೆ. ನಿಮಿಷಕ್ಕೆ 170 ಹೆಜ್ಜೆಯಂತೆ ಓಡುವವನು ಒಂದು ಗಂಟೆಯಲ್ಲಿ ಹತ್ತು ಸಾವಿರ ಹೆಜ್ಜೆಗಳನ್ನು ಹಾಕುತ್ತಾನೆ. ಒಂದೇ ಜಾಗಕ್ಕೆ ಇಷ್ಟು ಸಲ ಪೆಟ್ಟು ಬಿದ್ದರೆ ಬಟ್ಟೆ ಉಜ್ಜಿ ಚರ್ಮ ಕೆಂಪಾಗುತ್ತದೆ. ಬೆವರಿನ ಉಪ್ಪು ಸೇರಿದರೆ ಹುಣ್ಣೇ ಆಗುತ್ತದೆ. ಆದುದರಿಂದ ಚಾಕು ಎಷ್ಟು ತೂಗುತ್ತದೆ ಎಂಬುದರ ಜೊತೆಗೆ, ಅದನ್ನು ಎಲ್ಲಿ, ಎಷ್ಟು ಬಿಗಿಯಾಗಿ ಇಟ್ಟುಕೊಳ್ಳಬಹುದು ಎಂಬುದನ್ನೂ ನೋಡಬೇಕು. ಎದೆಗೆ ಅಪ್ಪಿಕೊಂಡಿರುವ ಓಟದ ಅಂಗಿಚೀಲದಲ್ಲಿ 40 ಗ್ರಾಂ ಇರುವುದೇ ತಿಳಿಯದು. ಚಡ್ಡಿಯ ಜೇಬಿನಲ್ಲಿ ಅದೇ 40 ಗ್ರಾಂ ಹಿಂಸೆ.

ಚಾಕು ಹಗುರವಾದರೆ ಕತ್ತರಿಸುವ ಶಕ್ತಿ ಕುಂದುವುದಿಲ್ಲವೆ ಎಂಬ ಸಂದೇಹ ಸಹಜ. ಎಳನೀರು ಮಾರುವವನ ಮಚ್ಚನ್ನೂ ಕ್ಷೌರಿಕನ ಕತ್ತಿಯನ್ನೂ ಹೋಲಿಸಿ ನೋಡಿ. ಮಚ್ಚು ಕೆಲಸ ಮಾಡುವುದು ತನ್ನ ಭಾರದಿಂದ. ಎತ್ತಿ ಬೀಸಿದಾಗ ಅದರಲ್ಲಿ ಸೇರುವ ಚಲನಶಕ್ತಿಯು ಕಾಯಿಯ ಸಿಪ್ಪೆಯನ್ನು ಸೀಳುತ್ತದೆ. ಹಗುರವಾದ ಮಚ್ಚು ನಿಷ್ಪ್ರಯೋಜಕ. ಕ್ಷೌರದ ಕತ್ತಿಗೆ ಭಾರದ ಹಂಗಿಲ್ಲ. ಅದು ನಂಬಿರುವುದು ಬಾಯಿಯ ಹರಿತವನ್ನು.

ಹರಿತವೆಂದರೇನು? ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಮೊತ್ತವೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಚೆನ್ನಾಗಿ ಮಸೆದ ಅಲಗಿನ ಬಾಯಿಯ ದಪ್ಪ ಸುಮಾರು 2 ಮೈಕ್ರಾನ್ ಎಂದಿಟ್ಟುಕೊಳ್ಳೋಣ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಈ ಬಾಯಿಯ 2 ಸೆಂಟಿಮೀಟರು ಉದ್ದವು ಒಂದು ಹಗ್ಗವನ್ನು ಮುಟ್ಟಿರುವಾಗ ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ, ಹಗ್ಗದ ಮೇಲೆ ಬೀಳುವ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 2,500 ಕಿಲೋಗ್ರಾಂ! ಬಾಯಿ ಮೊಂಡಾಗಿ ಅದರ ದಪ್ಪ 40 ಮೈಕ್ರಾನ್ ಆಯಿತೆನ್ನಿ. 40 ಮೈಕ್ರಾನ್ ಎಂದರೆ ಸಾಧಾರಣ ಕಾಗದದ ಅರ್ಧದಷ್ಟೂ ಇಲ್ಲ. ಕಣ್ಣಿಗೆ ಎರಡು ಅಲಗುಗಳೂ ಒಂದೇ ರೀತಿ ಕಾಣುತ್ತವೆ. ಆದರೆ ಒತ್ತಡವು 125ಕ್ಕೆ ಇಳಿಯುತ್ತದೆ. ಹಿಂದಿನ ಫಲವನ್ನು ಪಡೆಯಬೇಕಾದರೆ ಕೈ ಇಪ್ಪತ್ತು ಪಟ್ಟು ಬಲ ಹಾಕಬೇಕು. ಈ ಲೆಕ್ಕದಲ್ಲಿ ಚಾಕುವಿನ ತೂಕ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಓಟಗಾರನು ದಾರಿಯಲ್ಲಿ ಕಾಯಿ ಒಡೆಯುವುದಿಲ್ಲ, ಸೌದೆ ಸೀಳುವುದಿಲ್ಲ. ಅವನಿಗೆ ಬೇಕಾದುದು ಕ್ಷೌರಿಕನ ತತ್ತ್ವವೇ ಹೊರತು ಎಳನೀರಿನವನದಲ್ಲ. ಬೇಟೆಯ ಭಾರಿ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುವವರನ್ನು ಕಂಡರೆ ಈ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿಲ್ಲವೆಂದು ತೋರುತ್ತದೆ.

ಮೊಂಡು ಅಲಗಿನ ಬೆಲೆ ಏನೆಂಬುದಕ್ಕೆ ಒಂದು ಘೋರವಾದ ಉದಾಹರಣೆಯುಂಟು. 2003ರ ಏಪ್ರಿಲ್ 26ರಂದು ಆರನ್ ರಾಲ್ಸ್ಟನ್ ಎಂಬ ಅಮೆರಿಕನ್ ಯುವಕನು ಯೂಟಾ ರಾಜ್ಯದ ಬ್ಲೂ ಜಾನ್ ಕಣಿವೆಯಲ್ಲಿ ಒಂಟಿಯಾಗಿ ಇಳಿಯುತ್ತಿದ್ದಾಗ ಬಂಡೆಯೊಂದು ಉರುಳಿ, ಅವನ ಬಲಗೈಯನ್ನು ಕಣಿವೆಯ ಗೋಡೆಗೆ ಒತ್ತಿ ಹಿಡಿಯಿತು. ತಾನು ಎಲ್ಲಿಗೆ ಹೋಗುತ್ತಿರುವೆನೆಂದು ಅವನು ಯಾರಿಗೂ ತಿಳಿಸಿರಲಿಲ್ಲ. ಅವನಲ್ಲಿದ್ದುದು ಅಗ್ಗದ ಬಹೂಪಯೋಗಿ ಚಾಕು. ಬಂಡೆಯನ್ನೇ ಕೆತ್ತಿ ಕೈ ಬಿಡಿಸಿಕೊಳ್ಳಲು ಯತ್ನಿಸಿ ಅದರ ಅಲಗು ಮೊಂಡಾಯಿತು. ಐದು ದಿನಗಳ ಅನಂತರ, ಮೇ 1ರಂದು, ಅವನು ಮುಂಗೈಯ ಎಲುಬುಗಳನ್ನು ದೇಹದ ಭಾರದಿಂದಲೇ ಮುರಿದು, ಅದೇ ಚಾಕುವಿನಿಂದ ಮಾಂಸವನ್ನು ಕೊಯ್ದು ಕೈಯನ್ನು ಅಲ್ಲಿಯೇ ಬಿಟ್ಟು ಹೊರಬಂದು ಬದುಕಿಕೊಂಡನು. ಕೊಯ್ಯುವ ಆ ಕೆಲಸಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು.

ಹರಿತವು ನಿಲ್ಲಬೇಕಾದರೆ ಅಲಗಿನ ಲೋಹ ಗಡುಸಾಗಿರಬೇಕು. ಮೆದು ಕಬ್ಬಿಣಕ್ಕೆ ನೂರಕ್ಕೆ ಅರ್ಧದಿಂದ ಒಂದು ಪಾಲು ಇಂಗಾಲ ಸೇರಿಸಿ, ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಸಿಕ್ಕಿಬಿದ್ದು, ಅವು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಇದೇ ಉಕ್ಕಿನ ಗಡಸುತನದ ರಹಸ್ಯ. ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸೀಮೆ ಮೊದಲಾದ ದಕ್ಷಿಣದ ಪ್ರದೇಶಗಳಲ್ಲಿ ಮಣ್ಣಿನ ಮೂಸೆಗಳಲ್ಲಿ ತಯಾರಾಗುತ್ತಿದ್ದ, ಇಂಗಾಲ ಹೇರಳವಾಗಿದ್ದ ಉಕ್ಕನ್ನು ಇಂಗ್ಲಿಷರು ‘ವೂಟ್ಜ್’ ಎಂದು ಕರೆದರು; ಈ ಹೆಸರು ಕನ್ನಡದ ‘ಉಕ್ಕು’ ಎಂಬುದರಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಮತ. ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾದ ಮೈಕೇಲ್ ಫ್ಯಾರಡೆಯು ತನ್ನ ತಾರುಣ್ಯದಲ್ಲಿ, ಚಾಕು ತಯಾರಿಸುವ ಜೇಮ್ಸ್ ಸ್ಟೊಡಾರ್ಟನೊಡನೆ ಕೂಡಿ ಈ ಉಕ್ಕಿನ ಗುಟ್ಟನ್ನು ಅರಸುತ್ತ, ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದನು. 1822ರಲ್ಲಿ ಅವರು ಪ್ರಕಟಿಸಿದ ಮಿಶ್ರಲೋಹಗಳಲ್ಲಿ ಕ್ರೋಮಿಯಂ ಬೆರೆತ ಉಕ್ಕೂ ಒಂದು.

ಕ್ರೋಮಿಯಮ್ಮಿನ ಮಹತ್ತ್ವ ತಿಳಿದುಬಂದದ್ದು ಬಹುಕಾಲದ ಮೇಲೆ. ಇಂಗಾಲದ ಉಕ್ಕಿಗೆ ತುಕ್ಕಿನ ಭಯ ಹೆಚ್ಚು. ಹಳೆಯ ಈಳಿಗೆಮಣೆಯಲ್ಲಿ ಬಾಳೆಕಾಯಿಯನ್ನು ಹೆಚ್ಚಿದಾಗ ಅಲಗು ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದಾರೆ. ಓಟಗಾರನ ಬೆವರಿನಲ್ಲಿರುವ ಉಪ್ಪು ಇದಕ್ಕಿಂತ ಕ್ರೂರ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಇರುವ ಉಕ್ಕನ್ನು ಎರಕ ಹೊಯ್ದು, ಅದು ತುಕ್ಕು ಹಿಡಿಯದಿರುವುದನ್ನು ಕಂಡುಕೊಂಡನು. ಇಂತಹ ಉಕ್ಕಿನ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೀರ ತೆಳುವಾದ ಪೊರೆಯೊಂದು ಕಟ್ಟುತ್ತದೆ; ಗೀರಿದರೆ ಗಾಳಿಯ ಆಮ್ಲಜನಕದಿಂದ ಮತ್ತೆ ಕಟ್ಟುತ್ತದೆ. ಆದರೆ ಇಲ್ಲಿಯೂ ಒಂದು ತೊಡಕುಂಟು. ಗಡಸುತನಕ್ಕೆಂದು ಸೇರಿಸಿದ ಇಂಗಾಲವು ಕ್ರೋಮಿಯಮ್ಮಿನ ಒಂದು ಪಾಲನ್ನು ತನ್ನೊಡನೆ ಸೇರಿಸಿಕೊಂಡು ಕಾರ್ಬೈಡಿನ ಕಣಗಳಾಗಿಬಿಡುತ್ತದೆ. ಆ ಪಾಲು ಪೊರೆ ಕಟ್ಟಲು ಒದಗುವುದಿಲ್ಲ. ಆದಕಾರಣ ಹೆಚ್ಚು ಕಾಲ ಹರಿತ ಉಳಿಯುವ ಉಕ್ಕು ಬೆವರಿಗೆ ಸೋಲುವ ಸಂಭವ ಹೆಚ್ಚು. ಇಂಗಾಲದ ಬಹುಪಾಲಿಗೆ ಬದಲಾಗಿ ಸಾರಜನಕವನ್ನು ಸೇರಿಸಿ ಈ ತೊಡಕನ್ನು ಬಿಡಿಸಿರುವ ಉಕ್ಕುಗಳೂ ಈಗ ದೊರೆಯುತ್ತವೆ, ಬೆಲೆ ಹೆಚ್ಚು. ಸಾಧಾರಣ ಓಟಗಾರನಿಗೆ ಮಧ್ಯಮ ಗಡಸಿನ ಕಲೆರಹಿತ ಉಕ್ಕೇ ಸಾಕು. ಅದು ಬೇಗ ಮೊಂಡಾದರೂ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಹರಿತ ಮರಳುತ್ತದೆ.

ಟೈಟಾನಿಯಂ ಅಲಗಿನ ಚಾಕುಗಳಿಗೆ ಈಚೆಗೆ ಪ್ರಚಾರ ಬಹಳ. ಇದರ ಸಾಂದ್ರತೆ 4.5, ಉಕ್ಕಿನದು 7.8. ಅಂತರ ದೊಡ್ಡದೆಂದು ತೋರುತ್ತದೆ. ಆದರೆ 6 ಸೆಂಟಿಮೀಟರು ಉದ್ದ, ಒಂದೂವರೆ ಸೆಂಟಿಮೀಟರು ಅಗಲ, 2 ಮಿಲಿಮೀಟರು ದಪ್ಪದ ಅಲಗಿನ ಗಾತ್ರ ಎರಡು ಘನ ಸೆಂಟಿಮೀಟರಿಗಿಂತ ಕಡಮೆ. ಉಕ್ಕಿನದಾದರೆ 14 ಗ್ರಾಂ, ಟೈಟಾನಿಯಮ್ಮಿನದಾದರೆ 8 ಗ್ರಾಂ. ಉಳಿತಾಯ ಒಂದು ಚಹಾ ಚಮಚ ನೀರಿನ ತೂಕದಷ್ಟು. ಅದಕ್ಕಾಗಿ ಹರಿತ ಹಿಡಿಯದ ಮೆದು ಬಾಯಿಯನ್ನು ಒಪ್ಪಿಕೊಳ್ಳಬೇಕು. ಪಿಂಗಾಣಿಯಂಥ ಜಿರ್ಕೋನಿಯಾ ಅಲಗು ಬಹಳ ಗಡುಸು, ತುಕ್ಕಿಲ್ಲ. ಆದರೆ ಕಲ್ಲಿನ ಮೇಲೆ ಬಿದ್ದರೆ ಚಕ್ಕೆಯೇಳುತ್ತದೆ. ಕಲ್ಲಿಲ್ಲದ ಗುಡ್ಡ ಎಲ್ಲಿದೆ? ತೂಕ ಇಳಿಸಬೇಕಾದದ್ದು ಹಿಡಿಯಲ್ಲಿ.

ಈಗ ಆಕಾರದ ಮಾತು. ಒರೆಯಲ್ಲಿಡುವ ಮಡಚದ ಚಾಕುವು ಗಟ್ಟಿ, ತೆರೆಯುವ ಶ್ರಮವಿಲ್ಲ. ಆದರೆ ಗುಡ್ಡದ ಓಟದಲ್ಲಿ ಬೀಳುವುದು ಅಪರೂಪವಲ್ಲ. ಬೇರಿಗೆ ಎಡವಿ ಇಳಿಜಾರಿನಲ್ಲಿ ಉರುಳಿದಾಗ ಒರೆಯಿಂದ ಜಾರಿದ ಅಲಗು ಏನು ಮಾಡಬಹುದೆಂಬುದನ್ನು ಊಹಿಸಿ. ಕೊರಳಿಗೆ ದಾರದಿಂದ ತೂಗುಹಾಕಿಕೊಳ್ಳುವವರೂ ಇದ್ದಾರೆ. ದಾರವು ಕೊಂಬೆಗೆ ಸಿಕ್ಕಿದರೆ ಅದು ಇನ್ನೊಂದು ಅಪಾಯ. ಮಡಚುವ ಚಾಕುವೇ ಲೇಸು. ಆದರೆ ಬಳಸುವಾಗ ಅದು ಬೆರಳ ಮೇಲೆ ಮಡಚಿಕೊಳ್ಳಬಾರದು. ಮಾಂಟ್ ಬ್ಲಾಂಕಿನ ಸೀಮೆಯಾದ ಸವಾಯ್‌ನಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರನು 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಇಂದಿಗೂ ಅದೇ ಮನೆತನದ ಹೆಸರಿನಲ್ಲಿ ತಯಾರಾಗುತ್ತಿದೆ. 1955ರಲ್ಲಿ ಇದಕ್ಕೆ ತಿರುಗುವ ಲೋಹದ ಉಂಗುರವೊಂದು ಸೇರಿತು. ಉಂಗುರವನ್ನು ತಿರುವಿದರೆ ತೆರೆದ ಅಲಗು ಮಡಚದು. ಹಿಡಿ ಮರದ್ದಾದುದರಿಂದ 7 ಸೆಂಟಿಮೀಟರು ಅಲಗಿನ ಚಾಕು ಸುಮಾರು 30 ಗ್ರಾಂ ಮಾತ್ರ ತೂಗುತ್ತದೆ. ಕುರುಬರಿಗೂ ರೈತರಿಗೂ ಮಾಡಿದ ವಸ್ತು, ನೂರು ವರ್ಷದ ಮೇಲೆ ಅದೇ ಪರ್ವತಗಳ ಓಟಗಾರರಿಗೆ ಒದಗಿತು. ವಿನೋದವೆಂದರೆ, ಬ್ರಿಟನ್ನಿನಲ್ಲಿ ತಕ್ಕ ಕಾರಣವಿಲ್ಲದೆ ಜೇಬಿನಲ್ಲಿ ಒಯ್ಯಬಹುದಾದದ್ದು ಮೂರು ಅಂಗುಲಕ್ಕೆ ಮೀರದ, ಬೀಗವಿಲ್ಲದ ಮಡಚುವ ಚಾಕು ಮಾತ್ರ. ಬೆರಳನ್ನು ಕಾಯುವ ಬೀಗವೇ ಅಲ್ಲಿ ಕಾನೂನಿನ ಕಣ್ಣಿಗೆ ಬೀಳುತ್ತದೆ.

ಇನ್ನೂ ಹಗುರವಾದುದು ಬೇಕೆಂದರೆ ಸ್ವಿಸ್ ವಿಕ್ಟೋರಿನಾಕ್ಸ್ ಸಂಸ್ಥೆಯ 58 ಮಿಲಿಮೀಟರಿನ ಚಿಕ್ಕ ಚಾಕು ಉಂಟು. ತೂಕ 21 ಗ್ರಾಮಿನ ಆಸುಪಾಸು. ಇದರ ಅಲಗು ಪುಟ್ಟದು, ಬೀಗವಿಲ್ಲ. ಆದರೆ ಇದರಲ್ಲಿ ಒಂದು ಕತ್ತರಿಯೂ ಒಂದು ಚಿಮಟವೂ ಇವೆ. ಓಟಗಾರನ ನಿಜವಾದ ಕೆಲಸಗಳನ್ನು ನೆನೆಯಿರಿ: ಅಂಟುಪಟ್ಟಿ ಕತ್ತರಿಸುವುದು, ಗುಳ್ಳೆಯ ಮೇಲಿನ ಬಟ್ಟೆಗೆ ತೂತು ಮಾಡುವುದು, ಗಾಯದ ಸುತ್ತಲಿನ ಕಾಲುಚೀಲವನ್ನು ಬಿಡಿಸುವುದು, ಮುಳ್ಳು ಕೀಳುವುದು. ಮೈಗೆ ತಾಗಿದ ಬಟ್ಟೆಯನ್ನು ಬಿಡಿಸಲು ಚಾಕುವಿನ ಮೊನೆಗಿಂತ ಕತ್ತರಿ ಎಷ್ಟೋ ಕ್ಷೇಮ. ನನ್ನ ಮತವನ್ನು ಕೇಳಿದರೆ, ಜೊತೆಯವರೊಡನೆ ಓಡುವ ವಿದ್ಯಾರ್ಥಿಗೆ ಇದೇ ಸಾಕು. ಒಂಟಿಯಾಗಿ ದೂರ ಹೋಗುವವನಿಗೆ ಬೀಗವುಳ್ಳ 30-40 ಗ್ರಾಮಿನದು.

ಕಾಡುಮೃಗಗಳಿಂದ ರಕ್ಷಣೆಗೆಂದು ದೊಡ್ಡ ಚಾಕುವನ್ನು ಆರಿಸುವವರುಂಟು. 2019ರ ಫೆಬ್ರವರಿ 4ರಂದು ಅಮೆರಿಕದ ಕೊಲರಾಡೊ ರಾಜ್ಯದ ಹಾರ್ಸ್‌ಟೂತ್ ಗುಡ್ಡದ ಹಾದಿಯಲ್ಲಿ ಓಡುತ್ತಿದ್ದವನೊಬ್ಬನ ಮೇಲೆ ಎಳೆಯ ಪರ್ವತಸಿಂಹವೊಂದು ಎರಗಿ ಮಣಿಕಟ್ಟನ್ನು ಕಚ್ಚಿ ಹಿಡಿಯಿತು. ಅವನು ಕಲ್ಲಿನಿಂದ ಬಡಿದು, ಕೊನೆಗೆ ಅದರ ಕತ್ತನ್ನು ಕಾಲಿನಿಂದ ಒತ್ತಿ ಕೊಂದು ಪಾರಾದನು. ಒಂದು ಕೈ ಮೃಗದ ಬಾಯಿಯಲ್ಲಿರುವಾಗ ಜೇಬಿನ ಗುಂಡಿ ಬಿಚ್ಚಿ, ಚಾಕು ತೆರೆಯಲು ಯಾರಿಗೆ ಬಿಡುವು?

ಹಾವಿನ ವಿಷಯದಲ್ಲಿ ಚಾಕುವು ನಿಷ್ಪ್ರಯೋಜಕ ಮಾತ್ರವಲ್ಲ, ಶತ್ರು. ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹೀರಿ ಉಗುಳಬೇಕೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಉಂಟು, ಅಮೆರಿಕದಲ್ಲಿಯೂ ಇತ್ತು. ಅಲಗು ಮತ್ತು ಹೀರುಬಟ್ಟಲುಗಳಿರುವ ಪೆಟ್ಟಿಗೆಗಳನ್ನು ಅಲ್ಲಿ ಅಂಗಡಿಗಳಲ್ಲಿಯೇ ಮಾರುತ್ತಿದ್ದರು. ಕೊಯ್ದರೆ ವಿಷ ಹೊರಬರುವುದಿಲ್ಲ. ನರಗಳೂ ರಕ್ತನಾಳಗಳೂ ಕಡಿದುಹೋಗುತ್ತವೆ. ಮಂಡಲದ ಹಾವು ಕಚ್ಚಿದ್ದರೆ ಅದರ ವಿಷದಿಂದ ರಕ್ತವು ಹೆಪ್ಪುಗಟ್ಟುವ ಗುಣವನ್ನು ಕಳೆದುಕೊಂಡು, ಕೊಯ್ದ ಗಾಯವು ಸುರಿಯುತ್ತಲೇ ಇರುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ಓಡಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಹೊತ್ತೊಯ್ಯುವುದೊಂದೇ ದಾರಿ. ಮಲೆನಾಡಿನ ಜಿಗಣೆಗೂ ಚಾಕು ಬೇಡ. ಉಗುರಿನಿಂದ ಪಕ್ಕಕ್ಕೆ ಸರಿಸಿದರೆ ಬಿಟ್ಟುಬಿಡುತ್ತದೆ.

2006ರ ಡಿಸೆಂಬರಿನಲ್ಲಿ ಯೂಟಾದ ಮೋಆಬ್ ಪಟ್ಟಣದ ಬಳಿ ಡನೆಲ್ ಬ್ಯಾಲೆಂಜಿ ಎಂಬ ಖ್ಯಾತ ಓಟಗಾರ್ತಿ ಹಿಮಗಟ್ಟಿದ ಬಂಡೆಯ ಮೇಲೆ ಜಾರಿ ಸುಮಾರು 60 ಅಡಿ ಕೆಳಗೆ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಎರಡು ರಾತ್ರಿಗಳನ್ನು ಆ ಚಳಿಯಲ್ಲಿಯೇ ಕಳೆದಳು. ಹುಡುಕಲು ಬಂದವರನ್ನು ಅವಳ ನಾಯಿಯೇ ಅವಳಿದ್ದಲ್ಲಿಗೆ ಕರೆತಂದಿತು. ಇಂತಹ ಸಮಯದಲ್ಲಿ ಬೇಕಾದವು ಸೀಟಿ, ಹೊದಿಕೆ, ಮತ್ತು ಹೋದ ದಾರಿಯನ್ನು ಬಲ್ಲ ಒಬ್ಬ ಮನುಷ್ಯ. ದೊಡ್ಡ ಚಾಕುವಿಗೆಂದು ಮೀಸಲಿಟ್ಟ 150 ಗ್ರಾಂ ತೂಕದಲ್ಲಿ ಸೀಟಿಯನ್ನೂ ಹೊದಿಕೆಯನ್ನೂ ಚಿಕ್ಕ ಚಾಕುವನ್ನೂ ಒಯ್ಯಬಹುದು.

ನಮ್ಮ ಕಾಡುಗಳಲ್ಲಿ ಓಡುವವರು ಒಂದು ಕಾನೂನನ್ನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಯಾರೂ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ; ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಆಯುಧ ಎಂಬ ಪದದ ವಿವರಣೆಯಲ್ಲಿ ಬಂದೂಕು, ಬಿಲ್ಲುಬಾಣಗಳ ಜೊತೆಗೆ ಚಾಕುವನ್ನೂ ಹೆಸರಿಸಲಾಗಿದೆ. ಕುದುರೆಮುಖದಂತಹ ಕಡೆ ಓಡಲು ಹೊರಟವರು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ವಿಮಾನದಲ್ಲಿ ಹೋಗುವುದಾದರೆ ಚಾಕುವು ಕೈಚೀಲದಲ್ಲಿರದೆ ಒಪ್ಪಿಸುವ ಪೆಟ್ಟಿಗೆಯಲ್ಲಿರಬೇಕು.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯೊಂದರಿಂದಲೇ ಚಾಕುವನ್ನು ಜೇಬಿನಿಂದ ತೆಗೆದು ತೆರೆಯಲು ಬರುತ್ತದೆಯೇ ನೋಡಿ. ಒಪಿನೆಲ್ ಚಾಕುವಿಗೂ ಚಿಕ್ಕ ಸ್ವಿಸ್ ಚಾಕುವಿಗೂ ಸಾಮಾನ್ಯವಾಗಿ ಎರಡು ಕೈಗಳು ಬೇಕು. ಒಂದೇ ಕೈಯಾದರೆ ಹಲ್ಲಿನ ಸಹಾಯ ಬೇಕಾಗುತ್ತದೆ. ಅಲಗಿನಲ್ಲಿ ಹೆಬ್ಬೆರಳಿಗೆಂದು ತೂತೋ ಗುಬಟೋ ಇರುವ ಚಾಕುಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಮನೆಗೆ ತಂದ ಮೇಲೆ ಕಾಗದದ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಸೀಳಿ ನೋಡಿ. ಸದ್ದಿಲ್ಲದೆ ಸೀಳಿದರೆ ಹರಿತ ಸರಿಯಾಗಿದೆ, ತೊಡರಿ ಹರಿದರೆ ಮಸೆಯಬೇಕು. ಹೆಬ್ಬೆರಳಿನಿಂದ ಪರೀಕ್ಷಿಸಬೇಡಿ. ಪ್ರತಿ ಓಟದ ಅನಂತರ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಒಣಗಿದ ಮೇಲೆಯೇ ಮಡಚಿಡಬೇಕು.